ದಿನಬಳಕೆಗೆ ಆರ್33 ಸ್ಕೈಲೈನ್: ಖರೀದಿಯಿಂದ ಟ್ಯೂನಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

ಜಪಾನಿನಿಂದ ತರಿಸಿದ ಹಳೆಯ ಟರ್ಬೊ ಗಾಡಿಯನ್ನು ದಿನವೂ ಓಡಿಸಬಹುದೇ? ಖಂಡಿತ ಓಡಿಸಬಹುದು, ಕೆಲಸಗಳ ಸರದಿ ತಪ್ಪದಿದ್ದರೆ. ಮೊದಲು ಗಾಡಿ ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗಾಗಬೇಕು. ಆಮೇಲೆ ಬ್ರೇಕು, ಟೈರು. ಆಮೇಲೆ ಕೂಲಿಂಗ್ ಮತ್ತು ಪೆಟ್ರೋಲ್ ಸರಬರಾಜು. ಬೂಸ್ಟಿಗೆ, ಅಂದರೆ ಟರ್ಬೊ ಇಂಜಿನ್ನಿಗೆ ತುಂಬುವ ಗಾಳಿಯ ಒತ್ತಡಕ್ಕೆ, ಕೈ ಹಾಕುವುದು ಕಟ್ಟಕಡೆಗೆ. ಗಾಡಿ ಬಂದ ವಾರವೇ ಬೂಸ್ಟ್ ಏರಿಸಿದವರ ಇಂಜಿನ್ ಬಿಚ್ಚುವ ಹೊತ್ತಿಗೆ ಸಿಗುವ ಕಾರಣ ಬಹುತೇಕ ಸಣ್ಣದೇ ಆಗಿರುತ್ತದೆ: ಬಿರುಕುಬಿಟ್ಟ ಪೈಪು, ಸುಸ್ತಾದ ಪಂಪು, ಗಾಳಿ ಹಿಡಿದ ರೇಡಿಯೇಟರ್.

ಎಲ್ಲ ಗಾಡಿಗಳಿಗೂ ಒಂದೇ ಮಾತು ಹೇಳಿದರೆ ಯಾವುದಕ್ಕೂ ಉಪಯೋಗವಾಗದು. ಹಾಗಾಗಿ ಇಲ್ಲಿ ಒಂದೇ ಗಾಡಿಯನ್ನು ಹಿಡಿದು ಹೇಳಿದೆ: 1993ರಿಂದ 1998ರವರೆಗೆ ಬಂದ ನಿಸ್ಸಾನ್ ಸ್ಕೈಲೈನ್ ಜಿಟಿಎಸ್25ಟಿ, ಅಂದರೆ ಹಿಂಬದಿ ಚಕ್ರಗಳಿಗೆ ಮಾತ್ರ ಪವರ್ ಹೋಗುವ ಆರ್33. ಇಂಜಿನ್ ಆರ್‌ಬಿ25ಡಿಇಟಿ: ಸಾಲಾಗಿ ಆರು ಸಿಲಿಂಡರ್, 2498 ಸಿಸಿ, ಒಂದು ಟರ್ಬೊ, ಕಂಪನಿಯ ಲೆಕ್ಕದಲ್ಲಿ 250 ಪಿಎಸ್ (ಅಶ್ವಶಕ್ತಿಯ ಅಳತೆ). ಸಿಲ್ವಿಯಾ, ಡಬ್ಲ್ಯೂಆರ್‌ಎಕ್ಸ್, ಸುಪ್ರಾ ಇಟ್ಟುಕೊಂಡವರಿಗೆ ಅಂಕಿಗಳು ಬದಲಾಗುತ್ತವೆ, ಸರದಿ ಬದಲಾಗುವುದಿಲ್ಲ.

ಕೊಳ್ಳುವ ಮುನ್ನ

ಮೊದಲು ಕಾನೂನು. ಆಮದಿಗೆ ಎಷ್ಟು ವರ್ಷ ಹಳೆಯದಾಗಿರಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ: ಅಮೆರಿಕದಲ್ಲಿ 25 ವರ್ಷ, ಕೆನಡಾದಲ್ಲಿ 15. ಲೆಕ್ಕಕ್ಕೆ ಬರುವುದು ಗಾಡಿ ತಯಾರಾದ ತಿಂಗಳು. ನೋಂದಣಿ ವರ್ಷ ನೋಡಿ ಹಣ ಕೊಟ್ಟರೆ ಗಾಡಿ ಬಂದರಿನಲ್ಲೇ ಕೂರಬಹುದು. ಹೊಗೆ, ಶಬ್ದ, ದೀಪ, ಮಾರ್ಪಾಡುಗಳ ನಿಯಮವನ್ನೂ ಆಗಲೇ ಓದಿಕೊಳ್ಳಿ. ಜಪಾನಿನಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಓಡುವುದರಿಂದ ಹೆಡ್‌ಲೈಟಿನ ಡಿಮ್ ಬೆಳಕು ಎಡಬದಿಗೆ ಮೇಲೇಳುತ್ತದೆ. ಬಲಕ್ಕೆ ಓಡಿಸುವ ದೇಶದಲ್ಲಿ ಅದು ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಅಂಥ ಕಡೆ ದೀಪ ಬದಲಿಸಲೇಬೇಕು.

ಹರಾಜಿನಿಂದ ಬರುವ ಗಾಡಿಗೆ ಅದರ ಸ್ಥಿತಿಯನ್ನು ಬರೆದ ಹರಾಜು ಹಾಳೆ ಇರುತ್ತದೆ. ಒಟ್ಟಾರೆ ಅಂಕ 4 ಅಥವಾ 3.5 ಇದ್ದರೆ ದಿನಬಳಕೆಗೆ ಸಾಕು. ‘ಆರ್’ ಅಥವಾ ‘ಆರ್‌ಎ’ ಎಂದಿದ್ದರೆ ಅಪಘಾತವಾಗಿ ರಿಪೇರಿಯಾದ ಗಾಡಿ. ಅಂಕಕ್ಕಿಂತ ಹೆಚ್ಚು ಹೊತ್ತು ಬಾಡಿಯ ಚಿತ್ರವನ್ನು ನೋಡಿ. ಎ ಎಂದರೆ ಗೀರು, ಯು ಎಂದರೆ ತಗ್ಗು, ಡಬ್ಲ್ಯೂ ಎಂದರೆ ಟಿಂಕರಿಂಗ್ ಆದ ಜಾಗ, ಎಸ್ ಎಂದರೆ ತುಕ್ಕು, ಸಿ ಎಂದರೆ ತಿಂದುಹೋದ ಲೋಹ, ಎಕ್ಸ್‌ಎಕ್ಸ್ ಎಂದರೆ ಬದಲಾಯಿಸಿದ ಭಾಗ. ಪಕ್ಕದ ಅಂಕಿ ಏರಿದಷ್ಟೂ ಹಾನಿ ದೊಡ್ಡದು. ಎ2 ಗೀರುಗಳು ಹತ್ತಿದ್ದರೂ ಚಿಂತೆಯಿಲ್ಲ. ಒಂದೇ ಒಂದು ಸಿ ಕಂಡರೂ ಕೆಳಭಾಗದ ಫೋಟೊ ಕೇಳಿ.

ತುಕ್ಕು ಹುಡುಕಬೇಕಾದ ಜಾಗಗಳು ಇವು: ಡಿಕ್ಕಿಯ ಒಳಹೊದಿಕೆಯ ಹಿಂದಿರುವ ಹಿಂಬದಿ ಶಾಕ್‌ನ ತಲೆಭಾಗ, ಜಾಕಿ ಇಡುವ ಅಂಚುಗಳು, ಹಿಂಚಕ್ರದ ಕಮಾನಿನ ಒಳತುಟಿ, ಡಿಕ್ಕಿಯಲ್ಲಿ ಬ್ಯಾಟರಿ ಕೂತ ಜಾಗ. ಈ ಗಾಡಿಯ ಬ್ಯಾಟರಿ ಡಿಕ್ಕಿಯಲ್ಲೇ ಇರುವುದರಿಂದ ಆಸಿಡ್ ಸೋರಿ ತಗಡು ತಿಂದಿರಬಹುದು. ಉತ್ತರ ಜಪಾನಿನ ಹಿಮದ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಓಡಿದ ಗಾಡಿ ಮೇಲೆ ಎಷ್ಟೇ ಥಳಥಳಿಸಿದರೂ ಅಡಿಯಲ್ಲಿ ಬೇರೆಯೇ ಕಥೆ ಇರುತ್ತದೆ. ಇಂಜಿನ್ ಹೋದರೆ ಬೇರೆ ಇಂಜಿನ್ ಕೂರಿಸಬಹುದು. ಕೊಳೆತ ಬಾಡಿಗೆ ಸುರಿದ ಹಣ ವಾಪಸ್ ಬರುವುದಿಲ್ಲ.

ಓಡೊಮೀಟರ್ ನಂಬುವ ಮುನ್ನ ಸೇವಾ ಪುಸ್ತಕ, ‘ಶಾಕೆನ್’ ತಪಾಸಣೆಯ ಪ್ರಮಾಣಪತ್ರದಲ್ಲಿ ಬರೆದ ಕಿಲೋಮೀಟರ್ ಮತ್ತು ಇಂಜಿನ್ ಬಳಿ ಅಂಟಿಸಿದ ಟೈಮಿಂಗ್ ಬೆಲ್ಟ್ ಸ್ಟಿಕ್ಕರ್, ಈ ಮೂರನ್ನೂ ತಾಳೆ ನೋಡಿ. ಜಪಾನಿನ ಗ್ಯಾರೇಜಿನವರು ಬೆಲ್ಟ್ ಹಾಕಿದ ದಿನ, ಕಿಲೋಮೀಟರ್ ಬರೆದು ಸ್ಟಿಕ್ಕರ್ ಅಂಟಿಸುವ ರೂಢಿ ಇಟ್ಟುಕೊಂಡಿದ್ದಾರೆ. ಸ್ಟಿಕ್ಕರ್ ಇಲ್ಲವೆಂದರೆ ಬೆಲ್ಟ್ ಬದಲಾಗಿಲ್ಲ ಎಂದೇ ಹಿಡಿದುಕೊಳ್ಳಿ.

ಚಾಸಿ ನಂಬರ್ ‘ಇಸಿಆರ್33’ ಎಂದು ಶುರುವಾಗಬೇಕು. ಜೊತೆಗೆ ಸೀರೀಸ್ 1 (ಮೊದಲು ಬಂದ ಆವೃತ್ತಿ) ಅಥವಾ ಸೀರೀಸ್ 2 (ನಂತರದ್ದು) ಎಂಬುದನ್ನು ಬರೆದಿಟ್ಟುಕೊಳ್ಳಿ. ಬಿಡಿಭಾಗ ತರಿಸುವಾಗ ಇದು ಪ್ರತಿಸಲವೂ ಬೇಕಾಗುತ್ತದೆ. ಸೀರೀಸ್ 1ರಲ್ಲಿ ಇಗ್ನೈಟರ್ (ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಕಾಯಿಲನ್ನು ಆನ್–ಆಫ್ ಮಾಡುವ ಸ್ವಿಚ್ಚು) ಬೇರೆ ಡಬ್ಬಿಯಾಗಿ ಇಂಜಿನ್ ಮೇಲೆ ಕೂತಿರುತ್ತದೆ, ಸೀರೀಸ್ 2ರಲ್ಲಿ ಅದು ಕಾಯಿಲ್ ಒಳಗೇ ಇರುತ್ತದೆ. ಒಂದರ ಕಾಯಿಲ್ ಇನ್ನೊಂದಕ್ಕೆ ನೇರವಾಗಿ ಹೊಂದುವುದಿಲ್ಲ.

ಮೊದಲ ತಿಂಗಳು: ಹಳೆಯದನ್ನು ಹೊಸದಾಗಿಸುವುದು

ಮೊದಲ ಕೆಲಸ ಕಂಪ್ರೆಷನ್ ಪರೀಕ್ಷೆ. ಇಂಜಿನ್ ಬಿಸಿಯಾಗಿರಲಿ. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಕಾಯಿಲ್‌ಗಳ ಕನೆಕ್ಟರ್ ಬಿಡಿಸಿ, ಆರೂ ಪ್ಲಗ್ ತೆಗೆಯಿರಿ. ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರಿಗೂ ಐದಾರು ಸುತ್ತು ಸ್ಟಾರ್ಟರ್ ತಿರುಗಿಸಲಿ. ಆಕ್ಸಿಲರೇಟರ್ ಒತ್ತದಿದ್ದರೆ ಗಾಳಿ ಒಳಗೆ ಹೋಗದೆ ಒಳ್ಳೆಯ ಇಂಜಿನ್ನೂ ಕೆಟ್ಟದ್ದೆಂದು ತೋರಿಸುತ್ತದೆ. ಆರು ಅಂಕಿಗಳ ನಡುವೆ 10 ಶೇಕಡಾ ಒಳಗೆ ವ್ಯತ್ಯಾಸವಿದ್ದರೆ ಮುಂದುವರಿಯಿರಿ. ಒಂದು ಮಾತ್ರ ಕಮ್ಮಿ ಇದ್ದರೆ ಆ ರಂಧ್ರಕ್ಕೆ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ. ಇಲ್ಲಿ ಪಾಸಾಗದ ಇಂಜಿನ್ನಿಗೆ ಮಾರ್ಪಾಡಿನ ಸಾಮಾನು ತರಿಸಬೇಡಿ.

ಟೈಮಿಂಗ್ ಬೆಲ್ಟಿನ ಆಯುಷ್ಯ 1,00,000 ಕಿ.ಮೀ. ಈ ಇಂಜಿನ್ನಿನಲ್ಲಿ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಬೆಲ್ಟ್ ಜೊತೆಗೆ ಟೆನ್ಷನರ್, ಐಡ್ಲರ್, ಅವು ಕೂರುವ ಸ್ಟಡ್, ಕ್ಯಾಮ್ ಮತ್ತು ಕ್ರ್ಯಾಂಕಿನ ಮುಂಭಾಗದ ಆಯಿಲ್ ಸೀಲ್, ವಾಟರ್ ಪಂಪ್ ಎಲ್ಲವನ್ನೂ ಒಟ್ಟಿಗೇ ಹಾಕಿ. ಹಳೆಯ ಸ್ಟಡ್ ಮುರಿದು ಹೊಸ ಬೆಲ್ಟ್ ಜಾರಿದ ಉದಾಹರಣೆಗಳಿವೆ. ಗುರುತುಗಳನ್ನು ಹೊಂದಿಸಿದ ಮೇಲೆ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತು ಮತ್ತೆ ಕೂತಿತೇ ನೋಡಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಬೇಡಿ, ಅಲ್ಲೇ ನಿಲ್ಲಿಸಿ. ಮುಗಿದ ಮೇಲೆ ಇಗ್ನಿಷನ್ ಟೈಮಿಂಗನ್ನು ಲೈಟ್ ಇಟ್ಟು 15 ಡಿಗ್ರಿಗೆ ಹೊಂದಿಸಿ.

ಕೂಲಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಇಂಜಿನ್ನುಗಳನ್ನು ಹೆಚ್ಚಾಗಿ ಕೊಂದಿರುವುದು ಬಿಸಿಯೇ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿ ಕಪ್ಪುಬಣ್ಣ ಬಿಟ್ಟು ಕಂದು ತಿರುಗಿದ್ದರೆ ಅದು ಒಡೆಯಲು ದಿನ ಎಣಿಸುತ್ತಿದೆ. ಥರ್ಮೋಸ್ಟಾಟ್ 76.5 ಡಿಗ್ರಿಗೆ ತೆರೆಯುವಂಥದ್ದು ಹಾಕಿ; ಅದಕ್ಕಿಂತ ‘ತಂಪಾದದ್ದು’ ಹಾಕಿದರೆ ಲಾಭವಿಲ್ಲ. ರೇಡಿಯೇಟರ್ ಕ್ಯಾಪ್ ಹೊಸದು, 0.9 ಬಾರ್. ಇಂಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಹಾದುಹೋಗುವ ಹೀಟರ್ ಹೋಸ್‌ಗಳು ಕಣ್ಣಿಗೆ ಬೀಳುವುದೇ ಇಲ್ಲ, ಹಾಗಾಗಿ ಯಾರೂ ಬದಲಿಸಿರುವುದಿಲ್ಲ. ಕೈ ತೂರಿಸಿ ಹಿಸುಕಿ ನೋಡಿ. ಉಬ್ಬಿ ಮೆತ್ತಗಾಗಿದ್ದರೂ ಕಲ್ಲಿನಂತೆ ಗಟ್ಟಿಯಾಗಿದ್ದರೂ ಬದಲಾಯಿಸಿ.

ಕೂಲೆಂಟ್ ತುಂಬುವ ಬಗೆ: ಗಾಡಿಯ ಮೂತಿ ಎತ್ತರಕ್ಕಿರಲಿ, ರ‍್ಯಾಂಪ್ ಮೇಲೆ ಹತ್ತಿಸಿ. ಇಗ್ನಿಷನ್ ಆನ್ ಮಾಡಿ ಹೀಟರ್ ಪೂರ್ತಿ ಬಿಸಿಗೆ ಇಡಿ. ಮ್ಯಾನಿಫೋಲ್ಡ್ ಮೇಲಿರುವ ಗಾಳಿ ಬಿಡುವ ಸ್ಕ್ರೂ ತೆಗೆಯಿರಿ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರಿನ ಮಿಶ್ರಣವನ್ನು ನಿಧಾನವಾಗಿ ಸುರಿಯುತ್ತಾ ಬನ್ನಿ. ಸ್ಕ್ರೂ ರಂಧ್ರದಲ್ಲಿ ಮೊದಲು ಬುಳುಬುಳು ಗುಳ್ಳೆ ಬರುತ್ತದೆ, ಆಮೇಲೆ ಉಗುಳಿದ ಹಾಗೆ ಬಿಟ್ಟುಬಿಟ್ಟು ಬರುತ್ತದೆ, ಕೊನೆಗೆ ದಾರದಂತೆ ಒಂದೇ ಸಮನೆ ಹರಿಯುತ್ತದೆ. ಆ ದಾರ ಕಂಡ ಮೇಲೆ ಸ್ಕ್ರೂ ಹಾಕಿ. ಇಂಜಿನ್ ಚಾಲೂ ಮಾಡಿ, ಥರ್ಮೋಸ್ಟಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾಗುವವರೆಗೆ ಬಿಟ್ಟು, ಕಡಿಮೆಯಾದದ್ದನ್ನು ತುಂಬಿ. ಪೂರ್ತಿ ಆರಿದ ಮೇಲೆ, ಮಾರನೇ ಬೆಳಗ್ಗೆ, ಇನ್ನೊಮ್ಮೆ ಮಟ್ಟ ನೋಡಿ. ಡ್ಯಾಶ್‌ಬೋರ್ಡ್ ಒಳಗೆ ನೀರು ಹರಿದ ಸದ್ದು ಕೇಳಿದರೆ ಗಾಳಿ ಇನ್ನೂ ಉಳಿದಿದೆ.

ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ ಮತ್ತು ಇಂಜಿನ್ ಅಡಿಯ ತಟ್ಟೆಯನ್ನು ಹಿಂದಿನ ಮಾಲೀಕರು ಎಸೆದಿದ್ದರೆ ಹುಡುಕಿ ತಂದು ಹಾಕಿ. ಅವಿಲ್ಲದೆ ಟ್ರಾಫಿಕ್ಕಿನಲ್ಲಿ ಗಾಳಿ ರೇಡಿಯೇಟರ್ ಒಳಗೆ ಹೋಗದೆ ಪಕ್ಕದಲ್ಲಿ ತಪ್ಪಿಸಿಕೊಳ್ಳುತ್ತದೆ.

ಉಳಿದ ದ್ರವಗಳು ಬೇಗ ಮುಗಿಯುತ್ತವೆ. ಇಂಜಿನ್ ಆಯಿಲ್ 5ಡಬ್ಲ್ಯೂ-40 ಅಥವಾ 10ಡಬ್ಲ್ಯೂ-40 ಸಿಂಥೆಟಿಕ್, ಸುಮಾರು 4.5 ಲೀಟರ್, ಕೊನೆಯ ಅಳತೆ ಡಿಪ್‌ಸ್ಟಿಕ್ ನೋಡಿ. ಪ್ರತಿ 5,000 ಕಿ.ಮೀ.ಗೆ ಬದಲಿಸಿ. ಗೇರ್‌ಬಾಕ್ಸಿಗೆ ಜಿಎಲ್-4 75ಡಬ್ಲ್ಯೂ-90. ಡಿಫರೆನ್ಷಿಯಲ್‌ಗೆ ಹಾಕುವ ಜಿಎಲ್-5 ಅನ್ನೇ ಗೇರ್‌ಬಾಕ್ಸಿಗೂ ಸುರಿಯಬೇಡಿ, ಅದರಲ್ಲಿನ ಗಂಧಕದ ಸಂಯುಕ್ತಗಳು ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳನ್ನು ತಿನ್ನಬಲ್ಲವು. ಬ್ರೇಕ್ ಮತ್ತು ಕ್ಲಚ್‌ಗೆ ಡಾಟ್ 4.

ಬೂಸ್ಟಿನಲ್ಲಿ ಮಿಸ್ಸಿಂಗ್: ಎಲ್ಲರಿಗೂ ಬರುವ ಕಾಟ

ಆರಾಮಾಗಿ ಓಡಿಸಿದರೆ ಬೆಣ್ಣೆಯಂತೆ ಸಾಗುವ ಗಾಡಿ, ಜೋರಾಗಿ ಒತ್ತಿದೊಡನೆ 4,000 ಆರ್‌ಪಿಎಂ ಆಸುಪಾಸಿನಲ್ಲಿ ತಡವರಿಸುತ್ತದೆ. ಆರ್33 ಕೊಂಡವರು ಒಮ್ಮೆಯಾದರೂ ಇದನ್ನು ನೋಡುತ್ತಾರೆ. ಬೂಸ್ಟ್ ಏರಿದಂತೆ ಸಿಲಿಂಡರಿನೊಳಗೆ ಗಾಳಿ ದಟ್ಟವಾಗುತ್ತದೆ; ದಟ್ಟ ಗಾಳಿಯಲ್ಲಿ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ಹಳೆಯ ಕಾಯಿಲ್ ಅಷ್ಟನ್ನು ಕೊಡಲಾರದು, ಅಥವಾ ಅದರ ಮೈಯ ಕೂದಲೆಳೆ ಬಿರುಕಿನಿಂದ ಕಿಡಿ ಪ್ಲಗ್ ತಲುಪುವ ಬದಲು ಹೆಡ್ಡಿಗೇ ಹಾರುತ್ತದೆ.

ಹುಡುಕುವಾಗ ಅಗ್ಗದಿಂದ ದುಬಾರಿಯ ಕಡೆಗೆ ಹೋಗಿ.

1. ಪ್ಲಗ್. ಕಂಪನಿಯ ಗ್ಯಾಪ್ 1.1 ಮಿ.ಮೀ. ಅದನ್ನು 0.8ಕ್ಕೆ ಇಳಿಸಿ. ಎನ್‌ಜಿಕೆ ಬಿಸಿಪಿಆರ್6ಇಎಸ್ ಮೂಲ ಬೂಸ್ಟಿಗೆ ಸಾಕು, ಬೂಸ್ಟ್ ಏರಿಸಿದ ಗಾಡಿಗೆ ಒಂದು ಹೆಜ್ಜೆ ತಣ್ಣನೆಯ ಬಿಸಿಪಿಆರ್7ಇಎಸ್. ಅಲ್ಯುಮಿನಿಯಂ ಹೆಡ್ ಆದ್ದರಿಂದ ಇಂಜಿನ್ ಆರಿದ ಮೇಲೆ, ಟಾರ್ಕ್ ರೆಂಚಿನಲ್ಲಿ 25 ಎನ್‌ಎಂ ಮಾತ್ರ. ಇವು ಸಾದಾ ತಾಮ್ರದ ತಿರುಳಿನ ಪ್ಲಗ್‌ಗಳು; 15,000–20,000 ಕಿ.ಮೀ.ಗೆ ಬದಲಿಸಿಬಿಡಿ.

2. ಕಾಯಿಲ್. ಆರನ್ನೂ ತೆಗೆದು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು, ಟಾರ್ಚ್ ಹಿಡಿದು ತಿರುಗಿಸಿ ನೋಡಿ. ಬಿರುಕಿದ್ದರೆ ಅದರ ಉದ್ದಕ್ಕೂ ಬೂದುಬಣ್ಣದ ಅಥವಾ ಕರಿ ಗೆರೆ ಎದ್ದಿರುತ್ತದೆ, ಕಿಡಿ ಓಡಾಡಿದ ದಾರಿ ಅದು. ಟೇಪ್ ಸುತ್ತಿ, ಸಿಲಿಕೋನ್ ಬಳಿದು ತಾತ್ಕಾಲಿಕವಾಗಿ ಓಡಿಸುವವರಿದ್ದಾರೆ; ಕೆಲ ವಾರಗಳಲ್ಲಿ ಮತ್ತೆ ಅದೇ ಗೋಳು. ಒಂದು ಹೋಗಿದ್ದರೆ ಉಳಿದ ಐದಕ್ಕೂ ಅಷ್ಟೇ ವಯಸ್ಸು, ಪೂರ್ತಿ ಸೆಟ್ ಹಾಕಿ. ಕಾಯಿಲ್ ವೈರಿಂಗ್ ಬಗ್ಗಿಸಿದರೆ ಪಟಪಟನೆ ಮುರಿಯುವಂತಿದ್ದರೆ ಅದೂ ಹೊಸದಾಗಲಿ.

3. ಗಾಳಿ ಅಳೆಯುವ ಮೀಟರ್, ಅಂದರೆ ಏಎಫ್‌ಎಂ. ಇದರೊಳಗಿನ ಬೆಸುಗೆ ಬಿಸಿಗೆ ಬಿರುಕು ಬಿಡುತ್ತದೆ. ಇಂಜಿನ್ ಐಡಲಿನಲ್ಲಿರುವಾಗ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಇಂಜಿನ್ ತಡವರಿಸಿದರೆ ಅಥವಾ ನಿಂತುಹೋದರೆ ಮುಚ್ಚಳ ತೆಗೆದು ಪಿನ್‌ಗಳ ಬೆಸುಗೆ ಮತ್ತೆ ಹಾಕಬೇಕು. ಒಳಗಿನ ತಂತಿಯನ್ನು ಬಟ್ಟೆ, ಬ್ರಷ್ ಯಾವುದರಿಂದಲೂ ಮುಟ್ಟಬೇಡಿ. ಈ ಮೀಟರಿಗೆಂದೇ ಇರುವ ಸ್ಪ್ರೇ ಹೊಡೆದು ಒಣಗಲು ಬಿಡಿ. ಏರ್ ಫಿಲ್ಟರಿಗೆ ಆಯಿಲ್ ಹೆಚ್ಚಾದರೆ ಅದು ಬಂದು ಕೂರುವುದೂ ಇದೇ ತಂತಿಯ ಮೇಲೆ.

4. ಬೂಸ್ಟ್ ಲೀಕ್. ಅಳೆದ ಗಾಳಿ ಇಂಜಿನ್ ತಲುಪುವ ಮೊದಲೇ ಸೋರಿದರೆ ಕಂಪ್ಯೂಟರ್ ಆ ಗಾಳಿಗೂ ಪೆಟ್ರೋಲ್ ಕೊಟ್ಟಿರುತ್ತದೆ. ಕರಿಹೊಗೆ, ಮೈಲೇಜ್ ಇಳಿತ, ಮಿಸ್ಸಿಂಗ್ ಮೂರೂ ಒಟ್ಟಿಗೆ ಬರುತ್ತವೆ. ಏಎಫ್‌ಎಂ ಬಿಚ್ಚಿ, ಆ ಪೈಪಿನ ಬಾಯಿಗೆ ವಾಲ್ವ್ ಇರುವ ಮುಚ್ಚಳ ಬಿಗಿಯಿರಿ. ಇಂಜಿನ್ನಿನ ಉಸಿರಾಟದ ಹೋಸ್ ಆ ಪೈಪಿಗೇ ಸೇರುವುದರಿಂದ ಅದನ್ನು ಬಿಡಿಸಿ ರಂಧ್ರ ಮುಚ್ಚಿ, ಇಲ್ಲದಿದ್ದರೆ ಒತ್ತಡ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲ್ ಹಾಳಾಗುತ್ತದೆ. ಕಂಪ್ರೆಸರಿನಿಂದ ನಿಧಾನವಾಗಿ 0.7 ಬಾರ್ ತನಕ ಗಾಳಿ ಕೊಟ್ಟು, ಪ್ರತಿ ಜೋಡಣೆಗೂ ಸೋಪಿನ ನೀರು ಚಿಮುಕಿಸಿ. ಇಂಟರ್‌ಕೂಲರಿನ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ರಬ್ಬರ್ ಜೋಡಣೆಗಳು ಮತ್ತು ಬೈಪಾಸ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಉಳಿದ ಬೂಸ್ಟ್ ಬಿಡುವ ವಾಲ್ವ್) ಹತ್ತಿರ ಮೊದಲು ನೋಡಿ.

ಬೈಪಾಸ್ ವಾಲ್ವ್ ಗಾಳಿಯನ್ನು ‘ಪ್ಶ್’ ಎಂದು ಹೊರಕ್ಕೆ ಬಿಡುವಂಥದ್ದನ್ನು ಈ ಗಾಡಿಗೆ ಹಾಕಬೇಡಿ. ಹೊರಗೆ ಹೋದದ್ದು ಆಗಲೇ ಅಳೆದಾದ ಗಾಳಿ. ಗೇರ್ ಬದಲಿಸುವಾಗಲೆಲ್ಲ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ, ಸಿಗ್ನಲ್ಲಿಗೆ ಬಂದು ನಿಲ್ಲುವಾಗ ಇಂಜಿನ್ ಆಫ್ ಆಗುತ್ತದೆ. ಗಾಳಿಯನ್ನು ಮರಳಿ ಇಂಟೇಕಿಗೇ ಕಳಿಸುವ ಮೂಲ ವಾಲ್ವ್ ದಿನಬಳಕೆಗೆ ಚೆನ್ನಾಗಿದೆ.

ವೈರಿಂಗ್

ಜಪಾನಿನ ಹಿಂದಿನ ಮಾಲೀಕರು ನ್ಯಾವಿಗೇಷನ್, ಟೋಲಿನ ಇಟಿಸಿ ಯಂತ್ರ, ಟರ್ಬೊ ಟೈಮರ್ (ಕೀಲಿ ತೆಗೆದ ಮೇಲೂ ಇಂಜಿನ್ ಸ್ವಲ್ಪ ಹೊತ್ತು ಓಡಿಸುವ ಸಾಧನ), ಅಲಾರಾಂ ಎಂದು ಒಂದರ ಮೇಲೊಂದು ಜೋಡಿಸಿರುತ್ತಾರೆ. ಕೆಲಸಕ್ಕೆ ಬಾರದವು ಕೂಡ ಬ್ಯಾಟರಿ ಹೀರುತ್ತಲೇ ಇರುತ್ತವೆ. ಕೀಲಿ ತೆಗೆದು, ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಟ್ಟು, ಬ್ಯಾಟರಿಯ ನೆಗೆಟಿವ್ ತಂತಿಗೆ ಮಲ್ಟಿಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಸರಣಿಯಾಗಿ ಜೋಡಿಸಿ. 50 ಮಿಲಿಆಂಪಿಯರ್ ಒಳಗಿರಬೇಕು. 300 ತೋರಿಸಿದರೆ ದಿನಕ್ಕೆ 7.2 ಆಂಪಿಯರ್-ಗಂಟೆ ಖಾಲಿ. 45 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ದಿನ ನಿಂತರೆ ಸ್ಟಾರ್ಟ್ ಆಗುವುದು ಅನುಮಾನ. ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ. ಯಾವುದರಲ್ಲಿ ಅಂಕಿ ಬಿತ್ತೋ ಆ ದಾರಿ ಹಿಡಿಯಿರಿ. ಮೀಟರ್ ಜೋಡಿಸಿರುವಾಗ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಡಿಕ್ಕಿಯೊಳಗಿನ ಬ್ಯಾಟರಿಗೆ ಗಾಳಿ ಹೊರಬಿಡುವ ನಳಿಕೆ ಇರಲೇಬೇಕು, ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಒಳಗೆ ತುಂಬಬಾರದು. ಜಪಾನಿನ ಹಳೆಯ ರೇಡಿಯೊ 76ರಿಂದ 90 ಮೆಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, ಹೊಸ ಸ್ಟೀರಿಯೊ ಹಾಕುವುದೇ ಸುಲಭ. ಈ ಗಾಡಿಗೆ ಇಮೊಬಿಲೈಸರ್ ಇಲ್ಲ. ಕಳ್ಳರಿಗೆ ಇದು ಗೊತ್ತು. ಪೆಟ್ರೋಲ್ ಪಂಪ್ ಮತ್ತು ಸ್ಟಾರ್ಟರ್ ಎರಡನ್ನೂ ಕಡಿಯುವ ಇಮೊಬಿಲೈಸರ್ ಮೊದಲ ತಿಂಗಳಲ್ಲೇ ಬರಲಿ.

ಬ್ರೇಕು, ಟೈರು, ಸಸ್ಪೆನ್ಷನ್

ಮುಂದೆ ನಾಲ್ಕು ಪಿಸ್ಟನ್ನಿನ, ಹಿಂದೆ ಎರಡು ಪಿಸ್ಟನ್ನಿನ ಕ್ಯಾಲಿಪರ್ ಕಂಪನಿಯಿಂದಲೇ ಬಂದಿವೆ. ರಸ್ತೆಗೆ ಇವು ಸಾಕಷ್ಟಾಯಿತು. ಸೀಲ್ ಕಿಟ್, ಹೊಸ ಡಿಸ್ಕ್, ರಸ್ತೆಗೆಂದೇ ಇರುವ ಪ್ಯಾಡ್, ಹೊಸ ಫ್ಲುಯಿಡ್ ಹಾಕಿ. ರೇಸಿನ ಪ್ಯಾಡ್ ತಣ್ಣಗಿರುವಾಗ ಹಿಡಿಯುವುದಿಲ್ಲ. ಬೆಳಗ್ಗೆ ಹೊರಟ ಮೊದಲ ತಿರುವಿನಲ್ಲೇ ಬೇಕಾಗುವ ಬ್ರೇಕು ಅದರಿಂದ ಸಿಗದು. ಹೊಸ ಪ್ಯಾಡ್ ಕೂರಿಸಲು ಖಾಲಿ ರಸ್ತೆಯಲ್ಲಿ 60ರಿಂದ 10 ಕಿ.ಮೀ. ವೇಗಕ್ಕೆ ಎಂಟ್ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಹಿಡಿದು ನಿಂತರೆ ಅಲ್ಲಿ ಪ್ಯಾಡಿನ ಪದರ ಅಂಟಿ, ಮುಂದೆ ಪೆಡಲ್ ನಡುಗುತ್ತದೆ.

80 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದಾಗ ಸ್ಟೀರಿಂಗ್ ಅಲುಗಿದರೆ ಎಲ್ಲರೂ ಡಿಸ್ಕ್ ಬದಲಿಸುತ್ತಾರೆ. ಈ ಗಾಡಿಯಲ್ಲಿ ಮೊದಲು ಮುಂಭಾಗದ ಟೆನ್ಷನ್ ರಾಡ್ ಬುಷ್ ನೋಡಿ. ರಬ್ಬರ್ ಹರಿದು ರಾಡ್ ಹಿಂದೆ ಮುಂದೆ ಆಡುತ್ತಿದ್ದರೆ ಹೊಸ ಡಿಸ್ಕಿನಿಂದ ಏನೂ ಸರಿಹೋಗದು.

ಮೂಲ ಟೈರು 205/55 ಆರ್16, ಎತ್ತರ ಸುಮಾರು 632 ಮಿ.ಮೀ. ಹದಿನೇಳು ಇಂಚಿಗೆ ಹೋಗುವುದಾದರೆ 225/45 ಆರ್17 ಹಾಕಿ; ಎತ್ತರ 634, ಸ್ಪೀಡೋಮೀಟರ್ ಕೆಡುವುದಿಲ್ಲ. ಚಕ್ರದ ಅಳತೆ 5×114.3, ನಡುರಂಧ್ರ 66.1 ಮಿ.ಮೀ., ನಟ್ಟು ಎಂ12×1.25, ಬಿಗಿತ 110 ಎನ್‌ಎಂ. ನಡುರಂಧ್ರ ದೊಡ್ಡದಿರುವ ಚಕ್ರವಾದರೆ ಹಬ್ ರಿಂಗ್ ಹಾಕಿ, ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ನಡುಕ ಬಿಡದು. ಹದಿನೆಂಟು ಇಂಚಿನ ತೆಳು ಟೈರು ನೋಡಲು ಚೆಂದ, ಗುಂಡಿಬಿದ್ದ ರಸ್ತೆಯಲ್ಲಿ ರಿಮ್ಮಿಗೆ ಪೆಟ್ಟು.

ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್–ಶಾಕ್ ಜೋಡಿ) ಕೊಳ್ಳುವಾಗ ಸ್ಪ್ರಿಂಗಿನ ಅಂಕಿ ನೋಡಿ. ಮುಂದೆ 8, ಹಿಂದೆ 6 ಕೆ.ಜಿ./ಮಿ.ಮೀ. ಎಂದು ಮಾರುವ ಸೆಟ್‌ಗಳು ನುಣುಪಾದ ಟ್ರ್ಯಾಕಿಗೆ. ದಿನವೂ ಓಡಿಸಲು ಮುಂದೆ 5, ಹಿಂದೆ 4 ಸಾಕು. ಸಾಮಾನ್ಯ ರಸ್ತೆಯಲ್ಲಿ ಗಟ್ಟಿ ಸ್ಪ್ರಿಂಗ್ ಟೈರನ್ನು ನೆಲದಿಂದ ಎಗರಿಸುತ್ತದೆ, ಹಿಡಿತ ಕಡಿಮೆಯೇ ಆಗುತ್ತದೆ. ಗಾಡಿ ಇಳಿಸಿದರೂ ನೆಲದಿಂದ 90 ಮಿ.ಮೀ. ಉಳಿಯಲಿ, ಜಪಾನಿನ ತಪಾಸಣೆಯಲ್ಲೂ ಅದೇ ಕನಿಷ್ಠ ಮಿತಿ. ಅಲೈನ್‌ಮೆಂಟಿಗೆ ಮುಂದೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಮೈನಸ್ 1ರಿಂದ 1.5 ಡಿಗ್ರಿ, ಹಿಂದೆ ಮೈನಸ್ 1, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮುಂದೆ ಸೊನ್ನೆ, ಹಿಂದೆ ಒಟ್ಟು 2 ಮಿ.ಮೀ. ಒಳಕ್ಕೆ. ಟೈರಿನ ಒಳಅಂಚು ಬೇಗ ಸವೆದರೆ ಕ್ಯಾಂಬರಿಗಿಂತ ಮೊದಲು ಟೋ ಮೇಲೆ ಅನುಮಾನಪಡಿ.

ಹಿಂಚಕ್ರ ತಿರುಗಿಸುವ ಹೈಕಾಸ್ ವ್ಯವಸ್ಥೆಯ ಬಾಲ್ ಜಾಯಿಂಟ್ ಸವೆದರೆ ಹೆದ್ದಾರಿಯಲ್ಲಿ ಗಾಡಿಯ ಹಿಂಭಾಗ ತೇಲಿದಂತಾಗುತ್ತದೆ. ಲಾಕ್ ಬಾರ್ ಹಾಕುವುದು ಒಳ್ಳೆಯ ಪರಿಹಾರ. ಆದರೆ ಹೈಕಾಸ್ ಕಂಪ್ಯೂಟರಿನ ಕನೆಕ್ಟರ್ ಕಿತ್ತುಬಿಡಬೇಡಿ, ಪವರ್ ಸ್ಟೀರಿಂಗಿನ ಹಗುರ–ಭಾರವನ್ನು ನೋಡಿಕೊಳ್ಳುವುದೂ ಅದೇ. ಬಾರ್ ಹಾಕಿದ ದಿನವೇ ಹಿಂಬದಿ ಟೋ ಹೊಂದಿಸಿ.

ಪವರ್

ಮೊದಲು ಎಷ್ಟು ಸಾಧ್ಯ ಎಂದು ಲೆಕ್ಕ ಹಾಕೋಣ. ಮೂಲ ಇಂಜೆಕ್ಟರ್ ನಿಮಿಷಕ್ಕೆ 370 ಸಿಸಿ. ಆರು ಸೇರಿ 2,220. ಸುರಕ್ಷಿತವಾಗಿ 80 ಶೇಕಡಾ ಬಳಸಿದರೆ 1,776 ಸಿಸಿ. ಪೆಟ್ರೋಲಿನ ತೂಕ ಸಿಸಿಗೆ 0.74 ಗ್ರಾಂ ಎಂದರೆ ಗಂಟೆಗೆ ಸುಮಾರು 79 ಕೆ.ಜಿ. ಟರ್ಬೊ ಇಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.27 ಕೆ.ಜಿ. ಕುಡಿಯುತ್ತದೆ. ಭಾಗಿಸಿದರೆ 290 ಅಶ್ವಶಕ್ತಿ ಆಸುಪಾಸು. ಅದರಾಚೆಗೆ ಹೋಗಬೇಕಾದರೆ ಇಂಜೆಕ್ಟರ್, ಏಎಫ್‌ಎಂ, ಟರ್ಬೊ, ಕ್ಲಚ್ ಎಲ್ಲವೂ ಬದಲಾಗಬೇಕು, ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ದಿನಬಳಕೆಗೆ 290 ಧಾರಾಳ.

ಮೂಲ ಟರ್ಬೊದ ಎಕ್ಸಾಸ್ಟ್ ಬದಿಯ ಚಕ್ರ ಸೆರಾಮಿಕ್‌ನದು. ಹಗುರವಾದ್ದರಿಂದ ಬೇಗ ತಿರುಗುತ್ತದೆ, ಆದರೆ ಬಿಸಿಯೂ ವೇಗವೂ ಒಟ್ಟಿಗೆ ಏರಿದರೆ ದಂಡದಿಂದ ಕಳಚಿಕೊಂಡು ಪುಡಿಯಾಗುತ್ತದೆ. ಕಂಪನಿಯ ಬೂಸ್ಟ್ ಸುಮಾರು 0.5 ಬಾರ್, 0.7 ಬಾರ್ ಅನ್ನು ಗಡಿಯೆಂದು ಇಟ್ಟುಕೊಳ್ಳಿ. ಅದಕ್ಕಿಂತ ಮೇಲೆ ಹೋದರೆ ಮೂಲ ಕಂಪ್ಯೂಟರ್ ಕೂಡ ತನ್ನ ನಕ್ಷೆಯ ಅಂಚಿಗೆ ಬಂದು, ಪೆಟ್ರೋಲ್ ಸುರಿದು ಟೈಮಿಂಗ್ ಹಿಂದೆಳೆಯುತ್ತದೆ. ಬೂಸ್ಟ್ ಏರಿಸಿದರೂ ಪಿಕಪ್ ಕುಂದಿದ್ದು ಹೀಗಾಗಿಯೇ.

ಸರದಿ ಇದು. ಮೊದಲು ಬೂಸ್ಟ್ ಗೇಜ್ ಮತ್ತು ವೈಡ್‌ಬ್ಯಾಂಡ್ ಗೇಜ್ (ಗಾಳಿ–ಪೆಟ್ರೋಲ್ ಅನುಪಾತ ತೋರಿಸುವಂಥದ್ದು). ವೈಡ್‌ಬ್ಯಾಂಡ್ ಸೆನ್ಸರನ್ನು ಟರ್ಬೊದಿಂದ 60–90 ಸೆಂ.ಮೀ. ದೂರದಲ್ಲಿ, ಪೈಪಿನ ಮೇಲರ್ಧಕ್ಕೆ ಓರೆಯಾಗಿ ಕೂರಿಸಿ. ಅಡ್ಡ ಅಥವಾ ಕೆಳಮುಖವಾಗಿ ಇಟ್ಟರೆ ಬೆಳಗಿನ ನೀರಹನಿ ಬಿದ್ದು ಸೆನ್ಸರ್ ಸೀಳುತ್ತದೆ. ಎರಡನೆಯದು ಮೂರು ಇಂಚಿನ ಎಕ್ಸಾಸ್ಟ್, ಕ್ಯಾಟಲಿಸ್ಟ್ ಸಮೇತ. ಇದಾದ ಮೇಲೆ ಬೂಸ್ಟ್ ತಾನಾಗಿ ಏರುತ್ತಿದೆಯೇ ನೋಡಿ. ಮೂರನೆಯದು ಮುಂಭಾಗದ ಇಂಟರ್‌ಕೂಲರ್. ಮೂಲದ್ದು ಚಕ್ರದ ಗೂಡಿನ ಮುಂದೆ ಅಡಗಿದ್ದು ಎರಡು ಮೂರು ಸಲ ಒತ್ತಿದರೆ ಕಾದುಬಿಡುತ್ತದೆ. ದೊಡ್ಡ ಇಂಟರ್‌ಕೂಲರ್ ರೇಡಿಯೇಟರಿನ ಗಾಳಿ ತಡೆಯುತ್ತದೆ, ಹಾಗಾಗಿ ಎರಡರ ನಡುವಿನ ಪಕ್ಕದ ಸಂದುಗಳನ್ನು ತಗಡಿನಿಂದ ಮುಚ್ಚಿ.

ನಾಲ್ಕನೆಯದು ಪೆಟ್ರೋಲ್ ಪಂಪ್. ಗಂಟೆಗೆ 255 ಲೀಟರಿನ ಪಂಪ್ ತೊಟ್ಟಿಯೊಳಗೇ ಕೂರುತ್ತದೆ. ಹಳೆಯ ತೆಳು ತಂತಿಯಲ್ಲಿ ಅದಕ್ಕೆ ಪೂರ್ತಿ ವೋಲ್ಟೇಜ್ ಸಿಗದು. ಬ್ಯಾಟರಿ ಡಿಕ್ಕಿಯಲ್ಲೇ ಇರುವುದರಿಂದ ಕೆಲಸ ಸುಲಭ: ಬ್ಯಾಟರಿ ಪಾಸಿಟಿವ್‌ನಿಂದ 20 ಆಂಪಿಯರ್ ಫ್ಯೂಸ್, ಅಲ್ಲಿಂದ 4 ಚದರ ಮಿ.ಮೀ. ತಂತಿ, 30 ಆಂಪಿಯರ್ ರಿಲೇ, ಅಲ್ಲಿಂದ ಪಂಪು. ಪಂಪಿಗೆ ಬರುತ್ತಿದ್ದ ಹಳೆಯ ತಂತಿ ರಿಲೇಯನ್ನು ಎಬ್ಬಿಸಲಿ. ಅರ್ಥ್ ತಂತಿಯೂ ಅಷ್ಟೇ ದಪ್ಪ, ಬಣ್ಣ ಕೆರೆದ ಲೋಹಕ್ಕೆ. ತೊಟ್ಟಿಯೊಳಗೆ ಮುಳುಗಿರುವ ಹೋಸ್ ‘ಜೆ30ಆರ್10’ ಗುರುತಿನದೇ ಆಗಬೇಕು. ಸಾಮಾನ್ಯ ಪೆಟ್ರೋಲ್ ಹೋಸ್ ಒಳಗಿನಿಂದ ಮಾತ್ರ ಪೆಟ್ರೋಲ್ ತಡೆಯುತ್ತದೆ. ಹೊರಮೈ ಮುಳುಗಿದರೆ ಕೆಲ ತಿಂಗಳಲ್ಲಿ ಉಬ್ಬಿ ಕಳಚುತ್ತದೆ, ಅದೂ ಪೂರ್ತಿ ಬೂಸ್ಟಿನಲ್ಲಿ. ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಹಳೆಯ ರಬ್ಬರ್ ಇನ್ನೂ ಬೇಗ ಸಾಯುತ್ತದೆ. ಕೆಲಸ ಮುಗಿದ ಮೇಲೆ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ತೆಗೆದು ಒತ್ತಡ ನೋಡಿ: 3 ಬಾರ್ ಇರಬೇಕು.

ಕೊನೆಗೆ ಕಂಪ್ಯೂಟರ್ ಮತ್ತು ಬೂಸ್ಟ್. ಜಪಾನಿನ ಪ್ರೀಮಿಯಂ ಪೆಟ್ರೋಲ್ ಸಾಮಾನ್ಯವಾಗಿ ಆರ್‌ಒಎನ್ 100 (ಆಕ್ಟೇನ್ ಸಂಖ್ಯೆ) ಹತ್ತಿರ. ಅಲ್ಲಿ ಹಾಕಿಸಿದ ಟ್ಯೂನ್ ಆ ಪೆಟ್ರೋಲಿಗೆ. ನಿಮಗೆ 95 ಮಾತ್ರ ಸಿಗುತ್ತದೆ ಎಂದರೆ ಹಿಂದಿನ ಮಾಲೀಕರ ಟ್ಯೂನ್ ನಂಬಬೇಡಿ, ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಕಿವಿಗೆ ಬೀಳುವ ಮೊದಲೇ ಪಿಸ್ಟನ್ನಿನ ರಿಂಗ್ ಅಂಚು ಮುರಿದಿರುತ್ತದೆ. ಸಿಗುವ ಪೆಟ್ರೋಲ್ ತುಂಬಿಸಿಯೇ ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಹೊಸ ಟ್ಯೂನ್ ಮಾಡಿಸಿ. ಪೂರ್ತಿ ಬೂಸ್ಟಿನಲ್ಲಿ ಗಾಳಿ–ಪೆಟ್ರೋಲ್ ಅನುಪಾತ 11.5ರಿಂದ 12ರ ನಡುವೆ, ಆರಾಮಿನ ಓಟದಲ್ಲಿ 14.7 ಆಸುಪಾಸು. ಬೂಸ್ಟಿನಲ್ಲಿ 12.5 ದಾಟಿದರೆ ತಕ್ಷಣ ಕಾಲು ತೆಗೆಯಿರಿ. ಕೆಲಸ ಕೊಡುವ ಮುನ್ನ ಟ್ಯೂನರಿಗೆ ಹೇಳಿಬಿಡಿ: ಕೊನೆಯ ಹತ್ತು ಅಶ್ವಶಕ್ತಿ ಬೇಡ, ಎರಡು ಡಿಗ್ರಿ ಟೈಮಿಂಗ್ ಹಿಂದಿರಲಿ. ಬೇಸಿಗೆಯ ಟ್ರಾಫಿಕ್ಕಿನಲ್ಲಿ ಇಂಟೇಕ್ ಗಾಳಿ ಕಾದಾಗ ಆ ಎರಡು ಡಿಗ್ರಿಯೇ ಇಂಜಿನ್ ಉಳಿಸುತ್ತದೆ. ಏನೇನು ಬದಲಿಸಿದ್ದೀರಿ ಎಂದು ವಿಮಾ ಕಂಪನಿಗೂ ಬರೆದು ತಿಳಿಸಿ.

ನಿತ್ಯದ ಓಡಾಟ

ಬೆಳಗ್ಗೆ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ಹೊರಡಿ. ನೀರಿನ ಸೂಜಿ ನಡುವಿಗೆ ಬಂದಾಗ ಆಯಿಲ್ ಇನ್ನೂ ತಣ್ಣಗೇ ಇರುತ್ತದೆ. ಆಯಿಲ್ 70 ಡಿಗ್ರಿ ಮುಟ್ಟುವವರೆಗೆ ಬೂಸ್ಟ್ ಬೇಡ. ಗೇಜ್ ಇಲ್ಲದಿದ್ದರೆ ಹದಿನೈದು ನಿಮಿಷ ಎಂದು ಇಟ್ಟುಕೊಳ್ಳಿ. ಮನೆ ಹತ್ತಿರವಾದಾಗ ಕೊನೆಯ ಎರಡು ಮೂರು ನಿಮಿಷ ಮೆಲ್ಲಗೆ ಓಡಿಸಿದರೆ ಟರ್ಬೊ ಆರುತ್ತದೆ, ಟೈಮರ್ ಬೇಕಿಲ್ಲ.

ಡಿಕ್ಕಿಯಲ್ಲಿ ಇರಬೇಕಾದವು: ನಿಮ್ಮ ಸೀರೀಸಿನದೇ ಒಂದು ಕಾಯಿಲ್, ಫ್ಯೂಸ್‌ಗಳು, ಆಲ್ಟರ್ನೇಟರ್ ಬೆಲ್ಟ್, ನಾಲ್ಕು ಹೋಸ್ ಕ್ಲಿಪ್, ಎರಡು ಲೀಟರ್ ಕೂಲೆಂಟ್, 10 ಮತ್ತು 12 ಮಿ.ಮೀ. ಸ್ಪ್ಯಾನರ್, ಕನ್ಸಲ್ಟ್ ಕೇಬಲ್ (ನಿಸ್ಸಾನ್ ಗಾಡಿಯ ಕಂಪ್ಯೂಟರ್ ಓದುವ ಕೇಬಲ್). ಸ್ಟೀರಿಂಗ್ ಕೆಳಗಿನ ಫ್ಯೂಸ್ ಡಬ್ಬಿ ಹತ್ತಿರದ 14 ಪಿನ್ನಿನ ಕನೆಕ್ಟರಿಗೆ ಈ ಕೇಬಲ್ ಹಾಕಿ ಲ್ಯಾಪ್‌ಟಾಪಿನಲ್ಲಿ ನೀರಿನ ನಿಜವಾದ ಉಷ್ಣತೆ, ಏಎಫ್‌ಎಂ ವೋಲ್ಟೇಜ್, ಥ್ರಾಟಲ್ ಸೆನ್ಸರ್ ಓದಬಹುದು. ಕಾಲು ತೆಗೆದಾಗ ಥ್ರಾಟಲ್ ಸೆನ್ಸರ್ 0.45 ವೋಲ್ಟ್ ಹತ್ತಿರ ತೋರಿಸಬೇಕು. ಹೆಚ್ಚಿದ್ದರೆ ಐಡಲ್ ಏರುಪೇರಾಗುತ್ತದೆ.

ವಾರಕ್ಕೊಮ್ಮೆ, ಇಂಜಿನ್ ತಣ್ಣಗಿರುವಾಗ, ಆಯಿಲ್ ಮಟ್ಟ ಮತ್ತು ಕೂಲೆಂಟ್ ಡಬ್ಬಿಯ ಗೆರೆ ನೋಡಿ ಒಂದು ಪುಸ್ತಕದಲ್ಲಿ ಬರೆಯಿರಿ. ಪ್ರತಿ ಟ್ಯಾಂಕಿನ ಮೈಲೇಜನ್ನೂ ಅದರಲ್ಲೇ ಬರೆಯಿರಿ. ಮೈಲೇಜ್ ಏಕಾಏಕಿ ಒಂದೂವರೆ–ಎರಡು ಕಿ.ಮೀ. ಬಿದ್ದರೆ ಗಾಡಿಯಲ್ಲಿ ಬೇರೇನೂ ಗೊತ್ತಾಗದಿದ್ದರೂ ಆ ವಾರಾಂತ್ಯ ಬೂಸ್ಟ್ ಲೀಕ್ ಪರೀಕ್ಷೆ ಮಾಡಿ.